ಎಸಿ ಕೂಲಿಂಗ್ ಕಮ್ಮಿಯಾಯ್ತಾ? ಗ್ಯಾಸ್ ತುಂಬಿಸೋ ಮೊದಲು ಹೊರಗಿನ ಯೂನಿಟ್ ನೋಡಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಸಿ ಕೂಲಿಂಗ್ ಆಗ್ತಿಲ್ಲ, ಗ್ಯಾಸ್ ಹಾಕಿಸಬೇಕು." ನಮ್ಮ ಅಕ್ಕ ಹೋದ ಬೇಸಿಗೆಯಲ್ಲಿ ಎರಡು ಸಲ ಹಾಕಿಸಿದಳು. ರೂಮು ಮಾತ್ರ ತಣ್ಣಗಾಗಲಿಲ್ಲ. ನಾನು ಮಾಳಿಗೆ ಹತ್ತಿ ಔಟ್‌ಡೋರ್ ಯೂನಿಟ್ಟಿನ ಹಿಂದೆ ನೋಡಿದೆ. ಪಕ್ಕದ ದಾಲ್ ಮಿಲ್ಲಿನ ತೊಗರಿ ಹೊಟ್ಟು ಕಂಬಳಿಯಷ್ಟು ದಪ್ಪ ಕೂತಿತ್ತು.

ಮೊದಲು ರಿಮೋಟ್ ನೋಡಿ. ನೀರಿನ ಹನಿಯ ಗುರುತಿದ್ದರೆ ಅದು ಡ್ರೈ ಮೋಡ್, ಕೂಲ್‌ಗೆ ಬದಲಿಸಿ. ಫ್ಯಾನ್ ಹೈ, ಟೆಂಪರೇಚರ್ 24. ಇನ್ವರ್ಟರ್ ಎಸಿ ಅಲ್ಲದಿದ್ದರೆ 16 ಒತ್ತಿದರೂ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಓಡಿಸುವ ಪಂಪು) ಓಡುವುದು ಅದೇ ವೇಗದಲ್ಲಿ.

ಒಳಗಿನ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ.

ಈಗ ಹೊರಗಿನ ಯೂನಿಟ್. ಎಲ್ಲರೂ ಎಡವುವುದು ಇಲ್ಲೇ. ಯೂನಿಟ್ ಮಾಳಿಗೆ ಮೇಲೋ ಬಾಲ್ಕನಿಯಲ್ಲೋ ಇದ್ದು, ನಿಂತೇ ಕೈಗೆಟುಕಿದರೆ ಮಾತ್ರ ನೀವೇ ಮಾಡಿ. ಗೋಡೆಗೆ ನೇತುಹಾಕಿದ್ದರೆ ಬೇಡವೇ ಬೇಡ.

ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಎಸಿಯ ಎಂಸಿಬಿ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಇಳಿಸಿ. ಹಿಂಭಾಗದಲ್ಲಿ ಮತ್ತು ಒಂದು ಬದಿಯಲ್ಲಿ ಬಾಚಣಿಗೆ ಹಲ್ಲಿನ ಹಾಗೆ ತೆಳು ಅಲ್ಯೂಮಿನಿಯಂ ಪಟ್ಟಿಗಳು ಕಾಣುತ್ತವೆ. ರೂಮಿನ ಬಿಸಿ ಹೊರಹೋಗುವುದು ಅವುಗಳ ಮೂಲಕ, ಧೂಳು ಕೂರುವುದೂ ಅವುಗಳ ಮೇಲೆ. ಕೂಡಲೇ ನೀರು ಹಾಕಬೇಡಿ, ಧೂಳು ಹಿಟ್ಟು ಕಲಸಿದ ಹಾಗಾಗಿ ಸಂದಿಯೊಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಣಗಿದ ಮೆತ್ತನೆ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ, ಪಟ್ಟಿಗಳ ಉದ್ದಕ್ಕೇ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಪಟ್ಟಿ ಮಡಚುತ್ತದೆ, ಉಗುರು ತಾಗಿದರೂ ಬಾಗುವಷ್ಟು ತೆಳುವಾಗಿರುತ್ತದೆ. ಹೊಟ್ಟು ಉದುರಿದ ಮೇಲೆ ಸಾದಾ ಪೈಪಿನಿಂದ ಮೇಲಿಂದ ನಿಧಾನವಾಗಿ ನೀರು ಬಿಡಿ. ಕೆಳಗಿಳಿಯುವ ಕೆಸರು ನೀರು ತಿಳಿಯಾಗುವವರೆಗೆ ಬಿಡುತ್ತಲೇ ಇರಿ. ಬೈಕ್ ತೊಳೆಯುವ ಪ್ರೆಶರ್ ಗನ್ ಬೇಡ. ಬಾತ್‌ರೂಮ್ ಆ್ಯಸಿಡ್ ಅಂತೂ ಮುಟ್ಟಲೇಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಒಳಗಿನಿಂದ ಹೊರಕ್ಕೆ ನೀರು ಬಿಟ್ಟರೆ ಇನ್ನೂ ಚೆನ್ನಾಗಿ ಹೋಗುತ್ತದೆ, ನಿಜ. ಆದರೆ ಅದಕ್ಕೆ ಮುಚ್ಚಳ ಬಿಚ್ಚಬೇಕು. ಒಳಗಿರುವ ಕೆಪಾಸಿಟರ್‌ನಲ್ಲಿ ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಬಿಸಿಲು ಬೀಳದಿರಲಿ ಎಂದು ಯೂನಿಟ್ ಮುಂದೆ ಗೋಣಿಚೀಲ ಕಟ್ಟಿದ್ದರೆ ಬಿಚ್ಚಿ. ಚೀಲ ತಡೆದ ಬಿಸಿ ಗಾಳಿಯನ್ನೇ ಯೂನಿಟ್ ಮತ್ತೆ ಎಳೆದುಕೊಳ್ಳುತ್ತದೆ.

ಒಂದು ಗಂಟೆ ಆರಲು ಬಿಟ್ಟು ಎಸಿ ಹಾಕಿ. ಹದಿನೈದು ನಿಮಿಷ ಓಡಿದ ಮೇಲೆ ಒಂದು ಥರ್ಮಾಮೀಟರನ್ನು (ಜ್ವರ ನೋಡುವುದಲ್ಲ, ರೂಮಿನದು) ಎಸಿ ಗಾಳಿ ಎಳೆದುಕೊಳ್ಳುವ ಮೇಲ್ಭಾಗದಲ್ಲಿ ಹಿಡಿಯಿರಿ, ಆಮೇಲೆ ತಣ್ಣನೆ ಗಾಳಿ ಬರುವ ಬಾಯಿಯಲ್ಲಿ ಹಿಡಿಯಿರಿ. ಸುಮಾರು 8ರಿಂದ 12 ಡಿಗ್ರಿ ವ್ಯತ್ಯಾಸ ಬಂದರೆ ಎಸಿ ಚೆನ್ನಾಗಿಯೇ ಇದೆ. ಆಗ ರೂಮನ್ನು ನೋಡಿ: ಮೇಲೆ ಕಾದ ಆರ್‌ಸಿಸಿ, ಪಶ್ಚಿಮದ ಗೋಡೆ, ಕಿಟಕಿ ಸಂದಿ. ಮಾಳಿಗೆಗೆ ಬಿಳಿ ಬಣ್ಣ ಹೊಡೆಸಿದರೆ ಜಾಸ್ತಿ ಉಪಯೋಗ.

ವ್ಯತ್ಯಾಸ ಕಮ್ಮಿ ಇದ್ದರೆ, ತಾಮ್ರದ ಪೈಪಿನ ಮೇಲೆ ಮಂಜು ಕಟ್ಟಿದ್ದರೆ, ಜಾಯಿಂಟ್‌ನಲ್ಲಿ ಎಣ್ಣೆ ಜಿಡ್ಡು ಕಂಡರೆ ಆಗ ಗ್ಯಾಸ್ ಅನುಮಾನಿಸಿ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಮಾಡಿದ (ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆದ) ಮೇಲೆಯೇ ತುಂಬಬೇಕು. ಎಷ್ಟು ಎಂಬುದು ಔಟ್‌ಡೋರ್ ಯೂನಿಟ್ಟಿನ ಸ್ಟಿಕ್ಕರ್ ಮೇಲಿರುತ್ತದೆ. ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ತೂಕ ನೋಡಿಯೇ ಬಿಡುವ ಮೆಕ್ಯಾನಿಕ್‌ನನ್ನು ಕರೆಸಿ.