ಸರ್ಕಾರಗಳ ಖರ್ಚನ್ನೂ ಅದರ ಫಲವನ್ನೂ ಹೋಲಿಸುವ ಕ್ರಮ

‘ಆರೋಗ್ಯಕ್ಕೆ ಅವರಿಗಿಂತ ಹೆಚ್ಚು ಹಣ ಕೊಟ್ಟವರು ನಾವು’ ಎಂದು ಯಾವುದೇ ಪಕ್ಷದವರು ಹೇಳಿದಾಗ, ಆ ಮೊತ್ತವನ್ನು ಆಯವ್ಯಯ ಪುಸ್ತಕದ ಯಾವ ಅಂಕಣದಿಂದ ಎತ್ತಿಕೊಂಡಿದ್ದಾರೆ ಎಂಬುದನ್ನು ಮೊದಲು ಕೇಳಬೇಕು. ಉದಾಹರಣೆಗೆ 2024-25ರ ರಾಜ್ಯ ಆಯವ್ಯಯದಲ್ಲಿ ಪ್ರತಿ ಬಾಬ್ತಿನ ಎದುರು 2022-23ರ ಲೆಕ್ಕಗಳು, 2023-24ರ ಆಯವ್ಯಯ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು ಮತ್ತು 2024-25ರ ಅಂದಾಜು ಸಾಲಾಗಿ ಇರುತ್ತವೆ. ಇವುಗಳಲ್ಲಿ ನಿಜವಾಗಿ ಖರ್ಚಾದದ್ದನ್ನು ತಿಳಿಸುವುದು ‘ಲೆಕ್ಕಗಳು’ ಎಂಬ ಅಂಕಣ ಮಾತ್ರ. ಉಳಿದವೆಲ್ಲ ಅಂದಾಜುಗಳು. ಒಬ್ಬರ ಅಂದಾಜನ್ನು ಇನ್ನೊಬ್ಬರ ಲೆಕ್ಕದ ಪಕ್ಕದಲ್ಲಿಟ್ಟು ಹೋಲಿಸುವುದು ನಮ್ಮ ಚರ್ಚೆಗಳಲ್ಲಿ ನಡೆಯುವ ದೊಡ್ಡ ಅನ್ಯಾಯವೆಂದು ನಾನು ತಿಳಿದಿದ್ದೇನೆ.

ಲೆಕ್ಕಶೀರ್ಷಿಕೆಗಳೂ, ಅಂದರೆ ಆಯವ್ಯಯದಲ್ಲಿ ಪ್ರತಿ ಬಗೆಯ ಖರ್ಚಿಗೆ ಕೊಟ್ಟ ಸಂಖ್ಯೆ-ಹೆಸರುಗಳೂ, ಒಂದೇ ಆಗಿರಬೇಕು. ಒಬ್ಬರು 2210 (ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ) ಒಂದನ್ನೇ ಎಣಿಸಿ, ಇನ್ನೊಬ್ಬರು ಅದಕ್ಕೆ 2211ರ ಕುಟುಂಬ ಕಲ್ಯಾಣವನ್ನೂ 4210ರ ಬಂಡವಾಳ ವೆಚ್ಚವನ್ನೂ (ಕಟ್ಟಡ, ಉಪಕರಣಗಳಂಥ ಆಸ್ತಿಗೆ ಹಾಕುವ ಹಣ) ಕೂಡಿಸಿದ್ದರೆ ಆ ಹೋಲಿಕೆ ನಿಲ್ಲುವುದಿಲ್ಲ. ಬೆಲೆ ಏರಿಕೆಯನ್ನೂ ಕಳೆಯಬೇಕು: ವರ್ಷಕ್ಕೆ ಶೇ 5ರಂತೆ ಬೆಲೆ ಏರಿದರೆ ಇಂದಿನ 100 ರೂಪಾಯಿಯ ಕೆಲಸಕ್ಕೆ ಐದು ವರ್ಷದ ಬಳಿಕ ಸುಮಾರು 128 ರೂಪಾಯಿ ಬೇಕು, ಆದ್ದರಿಂದ ಐದು ವರ್ಷದಲ್ಲಿ ಶೇ 25ರಷ್ಟು ಹೆಚ್ಚಿದ ಅನುದಾನ ವಾಸ್ತವದಲ್ಲಿ ಕುಗ್ಗಿದ ಅನುದಾನವೇ. ಬಳಿಕ ಅದನ್ನು ಜನಸಂಖ್ಯೆಯಿಂದ ಭಾಗಿಸಿ ತಲಾ ವೆಚ್ಚ ತೆಗೆಯಬೇಕು.

ಫಲದ ಕಡೆಗೆ ಬಂದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಜನನ-ಮರಣಗಳ ಪ್ರಮಾಣ ತಿಳಿಯಲು ಕೇಂದ್ರ ಸರ್ಕಾರ ನಡೆಸುವ ಮಾದರಿ ನೋಂದಣಿ ವ್ಯವಸ್ಥೆಯ (ಎಸ್‌ಆರ್‌ಎಸ್) ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ 2004-06ರಲ್ಲಿ 213 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಸಾವಿನಿಂದ ಪಾರಾದ ಜೀವಗಳನ್ನು ನೆನೆದರೆ ಇದು ದೊಡ್ಡ ಸಾಧನೆ. ಆದರೆ ಈ 69 ಮೂರು ವರ್ಷಗಳನ್ನು ಕೂಡಿಸಿ ತೆಗೆದ ಪ್ರಮಾಣ. ಆ ಮೂರು ವರ್ಷಗಳಲ್ಲಿ ಸಿದ್ದರಾಮಯ್ಯ, ಎಚ್.ಡಿ. ಕುಮಾರಸ್ವಾಮಿ, ಬಿ.ಎಸ್. ಯಡಿಯೂರಪ್ಪ ಮೂವರೂ ಮುಖ್ಯಮಂತ್ರಿಗಳಾಗಿದ್ದರು. ಹಾಗಿರುವಾಗ ಇದನ್ನು ಒಬ್ಬರ ಖಾತೆಗೆ ಬರೆಯಲಾಗದು. ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬಂದದ್ದು, ಆಶಾ ಕಾರ್ಯಕರ್ತೆಯರು ಮನೆಮನೆಗೆ ನಡೆದದ್ದು, ಹೆಣ್ಣುಮಕ್ಕಳು ಓದಿದ್ದು ಹಲವು ಸರ್ಕಾರಗಳ ಕಾಲಕ್ಕೆ ಹಬ್ಬಿದ ಸಂಗತಿಗಳು.

ಅದೇ 2018-20ರಲ್ಲಿ ಕೇರಳದ ಪ್ರಮಾಣ 19. ಇದನ್ನು ಮುಂದಿಟ್ಟು ನಮ್ಮ ಇಲಾಖೆಯನ್ನು ಹಳಿಯುವ ಮುನ್ನ ಎರಡೂ ರಾಜ್ಯಗಳು ಹೊರಟ ನೆಲೆಯನ್ನು ನೋಡಬೇಕು: 2011ರ ಜನಗಣತಿಯಲ್ಲಿ ಮಹಿಳಾ ಸಾಕ್ಷರತೆ ಕೇರಳದಲ್ಲಿ ಶೇ 92, ಕರ್ನಾಟಕದಲ್ಲಿ ಶೇ 68. ರಾಜ್ಯದ ಸರಾಸರಿಯೂ ಒಳಗಿನ ಅಂತರವನ್ನು ಮುಚ್ಚುತ್ತದೆ. ಅದೇ ಜನಗಣತಿಯಲ್ಲಿ ಒಟ್ಟು ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಶೇ 88 ದಾಟಿದ್ದರೆ ಯಾದಗಿರಿಯಲ್ಲಿ ಶೇ 52ರ ಆಸುಪಾಸಿನಲ್ಲಿತ್ತು. ಆದಕಾರಣ ಭಾಷಣದಲ್ಲಿ ರಾಜ್ಯದ ಸರಾಸರಿ ಕೇಳಿಬಂದರೆ ಯಾದಗಿರಿಯ ಅಂಕಿ ಎಷ್ಟೆಂದು ಕೇಳಿ, ಐದು ವರ್ಷ ಹಿಂದೆ ಅದು ಎಷ್ಟಿತ್ತೆಂಬುದನ್ನೂ ಜೊತೆಗೇ ಕೇಳಿ.