ಬಣ್ಣದ ಹರವು, ಭಾವದ ಆಳ: ಮಲೆನಾಡಿನಲ್ಲಿ ವರ್ಣಕ್ಷೇತ್ರ ಚಿತ್ರ ರಚಿಸುವ ಬಗೆ

ವರ್ಣಕ್ಷೇತ್ರ ಚಿತ್ರವೆಂದರೆ ಆಕೃತಿಗಳಿಲ್ಲದೆ, ಬಣ್ಣದ ವಿಶಾಲ ಹರವುಗಳಿಂದಲೇ ಭಾವ ಮೂಡಿಸುವ ಅಮೂರ್ತ ಚಿತ್ರ. ಅದನ್ನು ರಚಿಸಹೊರಟವರು ಕೆಂಪೆಂದರೆ ಕೋಪ, ನೀಲಿಯೆಂದರೆ ಶಾಂತಿ ಎಂಬ ಸಿದ್ಧ ಪಟ್ಟಿಯನ್ನು ಕುಂಚ ಹಿಡಿಯುವ ಮೊದಲೇ ಪಕ್ಕಕ್ಕಿಡಬೇಕು. ಸಾಗರದ ಸುತ್ತಲಿನ ದೀವರು ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಹಸೆ ಚಿತ್ತಾರ ಬರೆದಾಗ ಆ ಕೆಂಪು ಮದುವೆಮನೆಯ ಸಡಗರವನ್ನು ಸೂಸುತ್ತದೆ. ಅಮೆರಿಕದ ವರ್ಣಕ್ಷೇತ್ರ ಚಿತ್ರಕಾರ ಮಾರ್ಕ್ ರಾಥ್ಕೊ 1958ರಲ್ಲಿ ನ್ಯೂಯಾರ್ಕಿನ ಸೀಗ್ರಾಂ ಕಟ್ಟಡದ ಉಪಾಹಾರಗೃಹಕ್ಕೆಂದು ಆರಂಭಿಸಿ, ಕೊನೆಗೆ ಅಲ್ಲಿಗೆ ಕೊಡಲೊಪ್ಪದ ಚಿತ್ರಗಳಲ್ಲಿಯೂ ಕೆಂಪಿದೆ; ಆದರೆ ಅಲ್ಲಿ ಅದು ಕಂದು ಮತ್ತು ಕಪ್ಪಿನ ನಡುವೆ ಉಸಿರು ಬಿಗಿಹಿಡಿಸುವಂತೆ ನಿಂತಿದೆ. ಭಾವ ಹುಟ್ಟುವುದು ಬಣ್ಣದ ಹೆಸರಿನಿಂದಲ್ಲ. ಅದರ ನೆರೆಯಲ್ಲಿ ಯಾವ ಬಣ್ಣವಿದೆ, ಎಷ್ಟು ಜಾಗ ಆಕ್ರಮಿಸಿದೆ, ಅಂಚು ಎಂಥದು, ಎಷ್ಟು ಪದರಗಳ ಅಡಿಯಿಂದ ಬೆಳಕು ಬರುತ್ತಿದೆ ಎಂಬುದರಿಂದ. ವರ್ಣಕ್ಷೇತ್ರ ಚಿತ್ರ ರಚಿಸುವವರು ಕಲಿಯಬೇಕಾದದ್ದು ಈ ನಾಲ್ಕು ಸಂಗತಿಗಳನ್ನು.

ನೆರೆಯ ಬಣ್ಣದ ಪ್ರಭಾವವನ್ನು ಕಣ್ಣಾರೆ ಕಾಣಲು ಒಂದು ಅಭ್ಯಾಸವಿದೆ. ಚಿತ್ರಕಾರ, ಕಲಾಶಿಕ್ಷಕ ಜೋಸೆಫ್ ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಪಾಠಗಳ ಜಾಡಿನದು ಇದು. ಬೂದುಹಸಿರು ಬಣ್ಣವನ್ನು ಒಂದೇ ಬಟ್ಟಲಿನಲ್ಲಿ ಕಲಸಿ, ಅದರಿಂದ ಎರಡು ಸಣ್ಣ ಚೌಕಗಳನ್ನು ಮಾಡಿಕೊಳ್ಳಿ. ಒಂದನ್ನು ಅಡಿಕೆ ತೋಟದ ನೆರಳಿನಂಥ ಗಾಢ ಹಸಿರಿನ ಮೇಲೂ ಇನ್ನೊಂದನ್ನು ಕೆಮ್ಮಣ್ಣಿನ ಬಣ್ಣದ ಮೇಲೂ ಇಟ್ಟು ನೋಡಿ. ಹಸಿರಿನ ಮೇಲಿನ ಚೌಕ ತನ್ನ ಹಸಿರನ್ನು ಕಳೆದುಕೊಂಡು ಮಾಸಲು ಬೂದಿಯಾಗುತ್ತದೆ. ಕೆಂಪಿನ ಮೇಲಿನದು ಈಗಷ್ಟೇ ಚಿಗುರಿದ ಎಲೆಯಂತೆ ಹಸಿರೇರುತ್ತದೆ. ಈ ಅಭ್ಯಾಸವನ್ನು ಹಲವು ಬಣ್ಣಗಳಲ್ಲಿ ಮಾಡದೆ ದೊಡ್ಡ ಕ್ಯಾನ್ವಾಸಿಗೆ ಕೈಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಲೆನಾಡಿನ ಬೆಳಕನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೀರ್ಥಹಳ್ಳಿ, ಆಗುಂಬೆಯ ಕಡೆ ಮಳೆಗಾಲದ ಸಂಜೆ ಜಗಲಿಯಲ್ಲಿ ಕುಳಿತು ಅಂಗಳದ ಕೆಂಪು ದಾಸವಾಳವನ್ನು ಗಮನಿಸಿ: ಮಬ್ಬು ಕವಿಯುತ್ತಿದ್ದಂತೆ ಹೂವು ಮೊದಲು ಕಪ್ಪಿಡುತ್ತದೆ, ಅದರ ಸುತ್ತಲಿನ ಎಲೆಗಳು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತವೆ. ಬೆಳಕು ಕುಗ್ಗಿದಾಗ ನಮ್ಮ ಕಣ್ಣು ಕೆಂಪಿಗೆ ಮಂಕಾಗಿ, ನೀಲಿ ಮತ್ತು ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. 19ನೇ ಶತಮಾನದಲ್ಲಿ ಇದನ್ನು ವಿವರಿಸಿದ ಪುರ್ಕಿನ್ಯೆ ಎಂಬ ವಿಜ್ಞಾನಿಯ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಕಲಸಿದ ಬಣ್ಣವನ್ನು ಬೆಳಗಿನ ಹೊತ್ತು ಕಿಟಕಿಯ ಬಳಿಯೂ, ಸಂಜೆಯ ಮಬ್ಬಿನಲ್ಲಿಯೂ ಪರೀಕ್ಷಿಸಿದ ಮೇಲೆಯೇ ಅಂತಿಮಗೊಳಿಸಬೇಕು.

ಕ್ಯಾನ್ವಾಸ್ ಕನಿಷ್ಠ ಮೂರಡಿ ಅಗಲ, ನಾಲ್ಕಡಿ ಎತ್ತರವಿರಲಿ. ಗಾತ್ರ ಇಲ್ಲಿ ಆಡಂಬರದ ಮಾತಲ್ಲ. ತಾವು ದೊಡ್ಡ ಚಿತ್ರಗಳನ್ನು ಬರೆಯುವುದು ನೋಡುಗರೊಡನೆ ಆಪ್ತತೆ ಸಾಧಿಸುವುದಕ್ಕಾಗಿ ಎಂದು ರಾಥ್ಕೊ ಹೇಳಿದ್ದರು. ಚಿತ್ರ ನಮ್ಮ ದೃಷ್ಟಿಯ ವ್ಯಾಪ್ತಿಯನ್ನು ತುಂಬಿದಾಗ ಅದನ್ನು ವಸ್ತುವಾಗಿ ನೋಡುವುದು ನಿಂತು, ಅದರೊಳಗೆ ಇರುವ ಅನುಭವ ಆರಂಭವಾಗುತ್ತದೆ.

ಬಣ್ಣ ಹಾಕುವುದರಲ್ಲಿ ಎರಡು ದಾರಿಗಳಿವೆ. ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂತಾಲರ್ 1952ರಲ್ಲಿ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ, ಬಳಿಯದ ಬಟ್ಟೆಯನ್ನು ನೆಲದ ಮೇಲೆ ಹಾಸಿ, ತೆಳುಗೊಳಿಸಿದ ತೈಲವರ್ಣವನ್ನು ಸುರಿದು ಎಳೆಗಳಿಗೆ ಇಂಗಿಸಿದರು. ಹೀಗೆ ಮಾಡಿದಾಗ ಬಣ್ಣ ಬಟ್ಟೆಯ ಮೇಲೆ ಕೂರದೆ ಬಟ್ಟೆಯೇ ಆಗಿಬಿಡುತ್ತದೆ. ಆದರೆ ಎಣ್ಣೆಯು ಹತ್ತಿಯ ಎಳೆಯನ್ನು ಕಾಲಕ್ರಮೇಣ ಶಿಥಿಲಗೊಳಿಸುವುದರಿಂದ ನೀವು ನೀರು ಬೆರೆಸಿ ಬಳಸುವ ಅಕ್ರಿಲಿಕ್ ಬಣ್ಣ ಬಳಸುವುದು ಕ್ಷೇಮ. ಬರೀ ನೀರು ಬೆರೆಸಿ ತೀರ ತೆಳುವಾಗಿಸಿದರೆ ಬಣ್ಣದ ಪುಡಿಯನ್ನು ಹಿಡಿದಿಡುವ ಬಂಧಕ ಸಾಲದೆ ಬಣ್ಣ ಉದುರಬಹುದಾದ್ದರಿಂದ, ಬಣ್ಣವಿಲ್ಲದ ಬಂಧಕ ದ್ರವವಾದ ಅಕ್ರಿಲಿಕ್ ಮೀಡಿಯಂ ಕೂಡ ಸೇರಿಸಿ.

ನಾನು ಹೆಚ್ಚು ಒತ್ತಿ ಹೇಳುವುದು ಎರಡನೆಯ ದಾರಿಯನ್ನು, ಅಂದರೆ ಪದರದ ಮೇಲೆ ಪದರ ಹಾಕುವುದನ್ನು. ಅಡಿಕೆ ಬೇಯಿಸಿದ ಚೊಗರಿನ ಕೆಂಗಂದು ಬಣ್ಣ ನಿಮಗೆ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಮತ್ತು ಕ್ರಿಮ್ಸನ್ ಎಂಬ ಕಡುಗೆಂಪು ಬೆರೆಸಿ ಒಂದೇ ಬಾರಿಗೆ ದಪ್ಪವಾಗಿ ಬಳಿದರೆ ಅದು ಬಾಗಿಲಿಗೆ ಹಚ್ಚಿದ ಪೇಂಟಿನಂತೆ ಮುಚ್ಚಿಕೊಂಡುಬಿಡುತ್ತದೆ. ಮೊದಲು ಪ್ರೈಮರಿನ ಮೇಲೆ ತೆಳು ಹಳದಿ ಹಾಕಿ, ಒಣಗಿದ ಮೇಲೆ ಪಾರದರ್ಶಕವಾದ ಕಿತ್ತಳೆ, ಆಮೇಲೆ ಕೆಂಗಂದನ್ನು ಅಗಲವಾದ ಕುಂಚದಿಂದ ಎರಡು ಮೂರು ಸಲ ತೆಳುವಾಗಿ ಎಳೆಯಿರಿ. ಆಗ ಬೆಳಕು ಮೇಲಿನ ಪದರಗಳನ್ನು ಹಾದು ಅಡಿಯ ಹಳದಿಗೆ ತಾಗಿ ಹಿಂದಿರುಗುವುದರಿಂದ ಆ ಕಂದು ಒಳಗಿನಿಂದ ಕಾವು ಪಡೆದಂತೆ ಕಾಣುತ್ತದೆ. ಮಳೆಗಾಲದ ತೇವದಲ್ಲಿ ಪದರಗಳು ನಿಧಾನವಾಗಿ ಒಣಗುತ್ತವೆ. ಬೆರಳಿಗೆ ತಂಪು ತಾಗುವಷ್ಟು ಹೊತ್ತೂ ಮುಂದಿನ ಪದರ ಹಾಕದಿರಿ. ಹಾಕಿದರೆ ಅಡಿಯದು ಕಿತ್ತು ಕೆಸರಾಗುತ್ತದೆ.

ಇನ್ನು ಅಂಚು. ಅಮೆರಿಕದ ಇನ್ನೊಬ್ಬ ವರ್ಣಕ್ಷೇತ್ರ ಚಿತ್ರಕಾರ ಬಾರ್ನೆಟ್ ನ್ಯೂಮನ್ ವಿಶಾಲವಾದ ಕೆಂಪನ್ನು ನೆಟ್ಟನೆಯ ಲಂಬ ಪಟ್ಟಿಗಳಿಂದ ಸೀಳಿದಾಗ ನೋಡುಗರ ಬೆನ್ನು ನೆಟ್ಟಗಾಗುತ್ತದೆ; ರಾಥ್ಕೊ ಅಂಚುಗಳನ್ನು ಒರಸಿ ಮೃದುಗೊಳಿಸಿದಾಗ ಆಯತಗಳು ತೇಲತೊಡಗುತ್ತವೆ. ಎರಡು ಬಣ್ಣಗಳು ಕೂಡುವ ಕಡೆ ಅರ್ಧ ಒಣಗಿದ ಕುಂಚವನ್ನು ಹಗುರವಾಗಿ ಆಡಿಸಿದರೆ ಈ ಮೃದುತ್ವ ಬರುತ್ತದೆ. ಇಡೀ ಅಂಚನ್ನು ಒಂದೇ ಹದದಲ್ಲಿ ಕರಗಿಸಬೇಡಿ. ಒಂದೆಡೆ ಬಣ್ಣ ತಡೆದು ನಿಂತು, ಇನ್ನೊಂದೆಡೆ ಪಕ್ಕದ ಬಣ್ಣಕ್ಕೆ ಸೋರಿದರೆ ಅಲ್ಲಿ ಹಿಂಜರಿಕೆಯೋ ಹಂಬಲವೋ ಹುಟ್ಟುತ್ತದೆ. ಎರಡು ಬಣ್ಣಗಳಿಗೆ ಸರಿಸಮ ಪಾಲು ಕೊಡುವುದನ್ನೂ ತಪ್ಪಿಸಿ. ಗಾಢ ಹಸಿರಿನ ದೊಡ್ಡ ಹರವಿನ ಕೆಳಗೆ ಕಿರಿದಾಗಿ ಉಳಿದ ಕೆಂಗಂದು, ಸಮಪಾಲು ಪಡೆದ ಕೆಂಗಂದಿಗಿಂತ ಹೆಚ್ಚು ಕಾಡುತ್ತದೆ.

ಚಿತ್ರ ಮುಗಿಯಿತೇ ಎಂದು ತಿಳಿಯಲು ದೂರ ನಿಂತು ನೋಡುವುದಷ್ಟೇ ಸಾಲದು. ಸುಮಾರು ಒಂದೂವರೆ ಅಡಿ ಹತ್ತಿರ ನಿಂತು, ಕೆಲವು ನಿಮಿಷ ಕಣ್ಣು ಕದಲಿಸದೆ ನೋಡಿ. ಬಣ್ಣ ಮುಂದೆ ಬಂದು ಹಿಂದೆ ಸರಿಯುತ್ತಿದ್ದರೆ ಅದಕ್ಕೆ ಜೀವವಿದೆ; ಚಲನೆಯೇ ಕಾಣದಿದ್ದರೆ ಇನ್ನೊಂದು ಬಣ್ಣ ಸೇರಿಸುವ ಬದಲು ಇರುವುದರ ಮೇಲೆಯೇ ತೆಳುವಾದ ಮತ್ತೊಂದು ಪದರ ಹಾಕಿ. ತೂಗುಹಾಕುವಾಗ ಚೌಕಟ್ಟಿನ ಹಿಂದೆ ಸಣ್ಣ ಮರದ ತುಂಡುಗಳನ್ನು ಕೊಟ್ಟು ಗೋಡೆಯಿಂದ ಒಂದಿಂಚು ಅಂತರ ಬಿಡಿ. ಇಲ್ಲವಾದರೆ ಆಷಾಢ ಕಳೆಯುವುದರೊಳಗೆ ಬಟ್ಟೆಯ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ.