ಅಗಸೆ ಹೂವಿನ ಹಾಟ್ ಪಾಟ್: ಹೂ ಕೆಡದಂತೆ ಮಾಡುವುದು ಹೇಗೆ?

ಹಾಟ್ ಪಾಟ್ ಅಂದರೆ ಊಟದ ಮೇಜಿನ ಮೇಲೆ ಸಾರು ಕುದಿಯುತ್ತಿರುವಾಗಲೇ ಮೀನು, ಹೂವು ಅದರಲ್ಲಿ ಬೇಯಿಸಿಕೊಂಡು ತಿನ್ನುವ ಅಡುಗೆ. ಅದಕ್ಕೆ ಹೂ ಹಾಕುವವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಬುಟ್ಟಿ ಹೂವನ್ನೆಲ್ಲ ಒಮ್ಮೆಗೇ ಸುರಿದು ಮುಚ್ಚಳ ಮುಚ್ಚಿಬಿಡುತ್ತಾರೆ. ಹೋದ ತಿಂಗಳು ಗೆಳತಿಯ ಮನೆಯಲ್ಲೂ ಹೀಗೇ ಆಯ್ತು. ಐದು ನಿಮಿಷ ಬಿಟ್ಟು ನೋಡಿದರೆ ಕುಂಬಳ ಹೂವು ಲೋಳೆ, ಅಗಸೆ ಹೂವು ಕಹಿ. ಬೆಳಗ್ಗೆಯಷ್ಟೇ ಕೊಯ್ದು ತಂದ ಹೂವು ಅದು. ನನಗೆ ಹೊಟ್ಟೆ ಉರಿದುಹೋಯಿತು.

ಹೂವಿನ ಈ ಹಾಟ್ ಪಾಟ್ ದಕ್ಷಿಣ ವಿಯೆಟ್ನಾಂನಲ್ಲಿ ಮೆಕಾಂಗ್ ನದಿ ಸಮುದ್ರ ಸೇರುವ ಸೀಮೆಯ ಅಡುಗೆ. ಹಾಟ್ ಪಾಟ್‌ಗೆ ಅಲ್ಲಿ ‘ಲೌ’ ಅನ್ನುತ್ತಾರೆ. ಸುಮಾರು ಆಗಸ್ಟ್‌ನಿಂದ ನವೆಂಬರ್‌ವರೆಗೆ ನದಿ ಉಕ್ಕಿ ಆನ್ ಯಾಂಗ್, ದೊಂಗ್ ಥಾಪ್ ಪ್ರಾಂತ್ಯಗಳ ಗದ್ದೆಗಳಿಗೆ ಹರಡುತ್ತದೆ. ಆ ನೀರಿನ ಜೊತೆ ‘ಕಾ ಲಿನ್’ ಎಂಬ ಪುಟ್ಟ ಮೀನು ಬರುತ್ತದೆ. ಅದೇ ಹೊತ್ತಿಗೆ ಕಾಲುವೆ ಬದಿಯ ‘ದಿಯೆನ್ ದಿಯೆನ್’ ಗಿಡ ಹಳದಿ ಹೂ ಬಿಡುತ್ತದೆ. ಜನ ದೋಣಿಯಲ್ಲಿ ಹೋಗಿ ಕೊಯ್ದು ತರುತ್ತಾರೆ. ಮೀನು, ಹೂವು ಎರಡೂ ಒಂದೇ ಪಾತ್ರೆಗೆ.

ಈ ದಿಯೆನ್ ದಿಯೆನ್ ನಮ್ಮ ಅಗಸೆಗೆ ಹತ್ತಿರದ ನೆಂಟ. ಅಗಸೆ ಹೂವೂ ಅಲ್ಲಿನವರ ಲೌಗೆ ಬೀಳುತ್ತದೆ. ನಮ್ಮಲ್ಲಿ ವೀಳ್ಯದೆಲೆ ಬಳ್ಳಿ ಹಬ್ಬಿಸಲು ತೋಟದಲ್ಲಿ ನೆಡುತ್ತಾರಲ್ಲ, ಆ ಅಗಸೆ ಮರ. ಅಂಗಡಿಯಲ್ಲಿ ಸಿಗುವ ಅಗಸೆ ಬೀಜ ಬೇರೆ ಗಿಡದ್ದು, ಅದನ್ನು ಇದಕ್ಕೆ ಗಂಟು ಹಾಕಬೇಡಿ.

ಮೊದಲು ಸಾರು. ನಾಲ್ಕು ಜನಕ್ಕೆ ಮೀನಿನ ತಲೆ ಕುದಿಸಿ ಸೋಸಿದ ನೀರು 1 ಲೀಟರ್, 2 ಎಳನೀರು, ಜಜ್ಜಿದ ಮಜ್ಜಿಗೆ ಹುಲ್ಲು 2 ಕಡ್ಡಿ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, 3 ಚಮಚ ಫಿಶ್ ಸಾಸ್. ಕುದಿಸಿ, ಮೇಲೆ ಹುರಿದ ಬೆಳ್ಳುಳ್ಳಿ ಹಾಕಿ, ಆಯ್ತು. ಪ್ಯಾಕೆಟ್‌ನ ಹಾಟ್ ಪಾಟ್ ಮಸಾಲೆ ಮಾತ್ರ ಬೇಡವೇ ಬೇಡ. ಅದರ ಉಪ್ಪು, ಖಾರದ ಮುಂದೆ ಹೂವಿನ ರುಚಿ ಗೊತ್ತೇ ಆಗುವುದಿಲ್ಲ.

ಇನ್ನು ಹೂವು. ಎಲ್ಲರೂ ಎಡವುವುದು ಇಲ್ಲೇ, ಅವಸರ ಬೇಡ. ಹೂವಿನ ಅಂಗಡಿಯಿಂದ ತರಲೇಬೇಡಿ. ಮಾಲೆಗೆಂದು ಬೆಳೆದ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಅಂಗಳದ್ದು, ಇಲ್ಲಾಂದ್ರೆ ತರಕಾರಿಯ ಜೊತೆ ಮಾರುವ ಹೂವು ಆಗಬೇಕು. ಕಣಗಿಲೆ, ದತ್ತೂರಿ ವಿಷ. ಗುರುತು ಸಿಗದ ಯಾವ ಹೂವೂ ಪಾತ್ರೆಯ ಹತ್ತಿರ ಬರಬಾರದು.

ಅಗಸೆಯಲ್ಲಿ ಬಿಳಿಯದನ್ನೇ ಆರಿಸಿ. ಪೂರ್ತಿ ಅರಳಿರಬಾರದು, ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೊಗ್ಗು ಒಳ್ಳೆಯದು. ತೊಟ್ಟು ಹಿಡಿದು ದಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಿ. ಒಳಗೆ ಬಿಲ್ಲಿನಂತೆ ಬಾಗಿದ ಕೇಸರದ ಗೊಂಚಲು ಕಾಣುತ್ತದೆ. ಬುಡದವರೆಗೆ ಬೆರಳು ಇಳಿಸಿ, ಚಿವುಟಿ, ಒಂದೇ ಸಲಕ್ಕೆ ಎಳೆಯಿರಿ. ಅರ್ಧಕ್ಕೆ ಮುರಿದರೆ ಕಹಿ ಒಳಗೇ ಉಳಿಯಿತು ಅಂತ ಲೆಕ್ಕ. ಹಸಿರು ತೊಟ್ಟನ್ನೂ ತೆಗೆದುಬಿಡಿ.

ಕುಂಬಳದಲ್ಲಿ ಗಂಡು ಹೂವು ಸಾಕು. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು, ಬಳ್ಳಿಯಲ್ಲೇ ಇರಲಿ. ತೊಟ್ಟಿನ ನಾರು ಸುಲಿದು, ಒಳಗಿನ ಇರುವೆ ಕೊಡವಿ. ಬಾಳೆಹೂವನ್ನು ತೆಳ್ಳಗೆ ಹೆಚ್ಚಿ ನಿಂಬೆರಸ ಹಿಂಡಿದ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಅಗಸೆ, ಕುಂಬಳ ಹೂವನ್ನು ನೆನೆಸಿಡಬೇಡಿ. ಒಮ್ಮೆ ನೀರಿನಲ್ಲಿ ಆಡಿಸಿ, ಬಟ್ಟೆಯ ಮೇಲೆ ಹರಡಿ. ನೀರು ಸೋರುವ ಹೂವು ಕುದಿಯನ್ನು ಇಳಿಸುತ್ತದೆ.

ಊಟದ ಮೇಜಿನ ನಡುವೆ ಒಲೆ ಇಟ್ಟು ಸಾರು ಕುದಿಸಿ. ಕಾ ಲಿನ್ ಇಲ್ಲಿ ಸಿಗುವುದಿಲ್ಲ, ಮುರ್ರೆಲ್ ಮೀನಿನ ತುಂಡು ಅಥವಾ ಸಿಗಡಿ ಸಾಕು. ಮೀನು ಅರ್ಧ ಬೆಂದಾಗ ಬಾಳೆಹೂವು ಹಾಕಿ. ಮೀನು ಪೂರ್ತಿ ಬೆಂದ ಮೇಲೂ ಉರಿ ತಗ್ಗಿಸಬೇಡಿ.

ಇಲ್ಲಿಂದ ಮುಂದೆ ಅವರವರ ಹೂವು ಅವರವರ ಕೈಯಲ್ಲಿ. ಚಾಪ್‌ಸ್ಟಿಕ್ ಕಡ್ಡಿಯಲ್ಲಿ ಎರಡು ಮೂರು ಹೂ ಹಿಡಿದು ಕೊತಕೊತ ಅನ್ನುವ ಜಾಗದಲ್ಲೇ ಅದ್ದಿ. ಅಗಸೆಗೆ 10–15 ಸೆಕೆಂಡು, ಕುಂಬಳಕ್ಕೆ 20. ಗಡಿಯಾರಕ್ಕಿಂತ ದಳ ನೋಡುವುದು ವಾಸಿ. ಅಂಚು ಬಾಡಿ ಗಾಜಿನಂತಾಗುತ್ತದೆ, ನಡುವೆ ಇನ್ನೂ ಬಿಳಿ ಇರುತ್ತದೆ. ಆಗ ತೆಗೆಯಿರಿ. ಮಕ್ಕಳಿಗೆ, ವಯಸ್ಸಾದವರಿಗೆ ಸಣ್ಣ ಜಾಲರಿ ಸೌಟು ಕೊಡಿ.

ಬಟ್ಟಲಿಗೆ ಅಲ್ಲಿ ‘ಬುನ್’ ಎಂಬ ಅಕ್ಕಿ ನೂಡಲ್ಸ್ ಹಾಕುತ್ತಾರೆ. ನಮ್ಮ ಒತ್ತು ಶಾವಿಗೆ ಅದಕ್ಕೆ ಸರಿಸಾಟಿ. ಫಿಶ್ ಸಾಸ್‌ಗೆ ಮೆಣಸಿನಕಾಯಿ ಹೆಚ್ಚಿ ಹಾಕಿಕೊಂಡು ಮೀನನ್ನು ಅದರಲ್ಲಿ ಅದ್ದಿ ತಿನ್ನಿ.

ಸಾರು ಬತ್ತುತ್ತಾ ಬಂದಂತೆ ಉಪ್ಪಾಗುತ್ತದೆ. ಎಳನೀರನ್ನು ಬಿಸಿ ಮಾಡಿ ಸೇರಿಸಿ, ತಣ್ಣೀರು ಬೇಡ. ಹೂವು ಮಿಕ್ಕರೆ ಮರುದಿನಕ್ಕೆ ಇಡಬೇಡಿ. ಮೆಕಾಂಗ್ ಸೀಮೆಯಲ್ಲಿ ದಿಯೆನ್ ದಿಯೆನ್ ಹೂವನ್ನು ‘ಬಾನ್ ಸೆಯೊ’ ಎಂಬ ಅಕ್ಕಿಹಿಟ್ಟಿನ ದೋಸೆಯೊಳಗೂ ಇಟ್ಟು ಮಡಚುತ್ತಾರೆ. ಅಂದೇ ರಾತ್ರಿ ನೀವೂ ಹಾಗೆ ಮಾಡಬಹುದು.